ಹಿಂದೆ ಜಾಗ ಇದೆ

ಜನವರಿ ೮

ತಮ್ಮಾ,

ಇಲ್ಲಿರುವ ಇಬ್ಬರಲ್ಲಿ ಒಬ್ಬರು ಕ್ಷೇಮ. ಯಾರು ಎನ್ನುವುದು ದಿನಕ್ಕೊಂದು ಸಲ ಬದಲಾಗುತ್ತದೆ.

ವಾರವಾರ ಫೋನು ಮಾಡುವವಳು ಇದ್ದಕ್ಕಿದ್ದಂತೆ ಪತ್ರ ಬರೆದಳಲ್ಲ ಎಂದು ಗಾಬರಿಯಾಗಬೇಡ. ನಾನು ಫೋನು ಹಿಡಿದರೆ ಸಾಕು, ಅಪ್ಪ ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರಿಗೆ ಬಂದಿರುವುದು ಮರೆವು, ಕಿವುಡಲ್ಲ. ಅವರ ಎದುರಿಗೇ ಅವರ ಟಾಯ್ಲೆಟ್ಟಿನ ಪುರಾಣ ಹೇಳಲು ನನ್ನಿಂದಾಗುವುದಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದರೂ ಬೆಳಿಗ್ಗೆ ಇಸ್ತ್ರಿ ಅಂಗಿ ತೊಡದೆ ಸೀಟಿಗೆ ಹತ್ತದ ಮನುಷ್ಯ ಅವರು, ನಿನಗೆ ಗೊತ್ತಲ್ಲ.

ವಿಷಯಕ್ಕೆ ಬರುತ್ತೇನೆ. ಅಪ್ಪ ಕಮೋಡಿನ ಮೇಲೆ ಕೂರುವುದಿಲ್ಲ. ನಿಂತು ಮಾಡುವುದಕ್ಕೆ ಏನೂ ತಕರಾರಿಲ್ಲ, ಕೂರುವುದಕ್ಕೇ ಭಯ. ತಾವೇ ಒಳಗೆ ಹೋಗುತ್ತಾರೆ, ತಿರುಗಿ ನಿಲ್ಲುತ್ತಾರೆ, ಅಲ್ಲಿಗೆ ಮುಗಿಯಿತು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮೈಯೆಲ್ಲ ನಡುಗುತ್ತಾರೆ. "ಹಿಂದೆ ಏನಿದೆ? ಹಿಂದೆ ಏನಿದೆ ಅಂತ ಯಾರಾದ್ರೂ ನೋಡಿದೀರಾ?" ಎಂದು ಕೇಳುತ್ತಾರೆ. "ಕಮೋಡಿದೆ ಅಪ್ಪಾ, ಕೂತ್ಕೊಳ್ಳಿ" ಎಂದರೆ ನನ್ನನ್ನು ಸುಳ್ಳುಗಾತಿಯ ಹಾಗೆ ನೋಡುತ್ತಾರೆ.

ಸಹಾಯಕ್ಕೆಂದು ಒಬ್ಬ ಆಳನ್ನು ಕರೆಸಿದ್ದೆ. ಒಳ್ಳೆಯವನೇ, ಆದರೆ ಅವಸರದವನು. ಎದುರಿಗೆ ನಿಂತು ಎರಡೂ ಭುಜ ಹಿಡಿದು ಹಿಂದಕ್ಕೆ ಒತ್ತಿದ. ಅಪ್ಪ ಜೀವ ಹೋಗುವವರ ಹಾಗೆ ಕೂಗಿ ಅವನ ಕೆನ್ನೆಗೆ ಬಿಟ್ಟರು. ಅವನು ಮಾರನೆಯ ದಿನ ಬರಲಿಲ್ಲ, ನಾನೂ ಕರೆಯಲಿಲ್ಲ. ಡೈಪರ್ ಹಾಕಿ ನೋಡಿದೆ, ಅಪ್ಪ ಅದನ್ನು ಹರಿದು ಬಿಸಾಡಿ, "ನಾನೇನು ಎಣ್ಣೆ ಸೋರೋ ಗಾಡಿನಾ?" ಎಂದು ಕೇಳಿದರು. ಆ ಮಾತಿಗೆ ನಗು ಬಂತು, ಹೆಮ್ಮೆಯೂ ಆಯಿತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಹೀಗೆ ದಿನಗಟ್ಟಲೆ ತಡೆದುಕೊಂಡು ಹೋದ ವಾರ ಹೊಟ್ಟೆ ಕಲ್ಲಾಗಿತ್ತು. ಆಸ್ಪತ್ರೆಯಲ್ಲಿ ಇಬ್ಬರು ಕೈಕಾಲು ಹಿಡಿದುಕೊಂಡರು, ಒಬ್ಬಳು ಕೊಳವೆ ಹಾಕಿ ತೆಗೆಸಿದಳು. ಅಪ್ಪ ಆಗ ಅಮ್ಮನ ಹೆಸರು ಹಿಡಿದು ಕೂಗಿದರು. ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ, ನೇರವಾಗಿಯೇ ಹೇಳಿದರು: ಇನ್ನೊಮ್ಮೆ ಹೀಗಾದರೆ ದಾಖಲು ಮಾಡಿಕೊಳ್ಳಲೇಬೇಕು, ಈ ಸ್ಥಿತಿಯಲ್ಲಿ ಒಳಗೆ ಹೋದವರು ನಡೆದುಕೊಂಡು ಮನೆಗೆ ಬರುವುದು ಅಪರೂಪ.

ನೀನು ಓದಿ ಹೇಳಿದ್ದನ್ನೆಲ್ಲ ಮಾಡಿದ್ದೇನೆ. ನೆಲಕ್ಕೆ ಜಾರದ ಹಾಸು, ಬಾಗಿಲಿಗೆ ಕಮೋಡಿನ ಚಿತ್ರ, ಎರಡು ಪಟ್ಟು ಬೆಳಕಿನ ಬಲ್ಬು. ಮರೆವಿನವರು ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆಂದು ಹೆದರುತ್ತಾರೆ ಅಂದಿದ್ದೆಯಲ್ಲ, ಕಮೋಡಿನ ಎದುರು, ಬೇಸಿನ್ನಿನ ಮೇಲಿನ ದೊಡ್ಡ ಕನ್ನಡಿಗೂ ಹಳೆಯ ಬೆಡ್‌ಶೀಟು ಹೊದಿಸಿ ತಿಂಗಳಾಯಿತು. ಇನ್ನೇನು ಉಳಿದಿದೆ, ನೀನೇ ಹೇಳು.

ನಿನ್ನ ಅಕ್ಕ,
ಕತ್ತರಿ


ಜನವರಿ ೨೧

ಕತ್ತರಿ ಅಕ್ಕಾ,

ನಿನ್ನ ಪತ್ರವನ್ನು ಹಡಗಿನ ಹೊಟ್ಟೆಯೊಳಗೆ ಕೂತು ಓದಿದೆ. ಈಗ ರಿಪೇರಿಗೆಂದು ನೀರಿಲ್ಲದ ಕಟ್ಟೆಯಲ್ಲಿ ನಿಂತಿರುವ ಒಂದು ಮುದಿ ಹಡಗಿಗೆ ತಳದ ತಗಡು ಬೆಸೆಯುತ್ತಿದ್ದೇವೆ. ಬೆಸುಗೆಯ ಮುಖವಾಡ ಹಾಕಿಕೊಂಡೇ ಅತ್ತೆ. ಅದರಲ್ಲೊಂದು ಅನುಕೂಲ, ಯಾರಿಗೂ ಕಾಣುವುದಿಲ್ಲ.

ಅಕ್ಕಾ, ಕೋಪ ಮಾಡಿಕೊಳ್ಳಬೇಡ. ಇಲ್ಲಿ ನನ್ನ ಮನೆಯ ಹತ್ತಿರ ಒಂದು ಆಶ್ರಯಮನೆ ಇದೆ, ಮರೆವಿನವರಿಗೆಂದೇ ಇರುವುದು. ಹೋಗಿ ನೋಡಿ ಬಂದೆ. ಕಿಟಕಿಗಳಲ್ಲಿ ಬಿಸಿಲಿದೆ, ದಾದಿಯರು ಗದರುವುದಿಲ್ಲ. ಎಲ್ಲರಿಗೂ ಡೈಪರ್ ಹಾಕುತ್ತಾರೆ, ಹರಿಯಲಾಗದ ಹಾಗೆ ಹಿಂದೆ ಜಿಪ್ ಇರುವ ಉಡುಪು ತೊಡಿಸುತ್ತಾರೆ. ನಿನಗೂ ಬೆನ್ನು ನೆಟ್ಟಗಾದೀತು. ಯೋಚನೆ ಮಾಡು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಉಗ್ರಾಣದ ಹಿಂದಿನ ಓಣಿ ನೆನಪಾಯಿತು. ಎರಡು ಕಡೆಯೂ ಗೋಡೆ, ಲಾರಿಗೂ ಗೋಡೆಗೂ ನಡುವೆ ಒಂದು ಅಂಗೈ ಜಾಗ. ಬೇರೆ ಡ್ರೈವರುಗಳು ಬೀದಿಯಲ್ಲೇ ನಿಲ್ಲಿಸಿ ಮೂಟೆ ಹೊರಿಸುತ್ತಿದ್ದರು. ಅಪ್ಪ ಇಡೀ ಓಣಿಯನ್ನು ಹಿಮ್ಮುಖವಾಗಿಯೇ ದಾಟಿ ಬಾಗಿಲಿಗೆ ಸರಿಯಾಗಿ ಲಾರಿಯ ಬೆನ್ನು ಕೊಡುತ್ತಿದ್ದರು. ಅಂಗಡಿಯವರು ವ್ಯಾಪಾರ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. "ಮುಂದಕ್ಕೆ ಯಾರು ಬೇಕಾದ್ರೂ ಓಡಿಸ್ತಾರೆ, ಹಿಂದಕ್ಕೆ ತಗೊಳ್ಳೋನು ಡ್ರೈವರ್" ಎನ್ನುತ್ತಿದ್ದರಲ್ಲ.

ಆ ಕ್ಲೀನರ್ ನೆನಪಿದ್ದಾನಾ, ನಾವು ಉದ್ದಮೂಗ ಎನ್ನುತ್ತಿದ್ದವನು? "ಬರ್ಲಿ, ಬರ್ಲಿ" ಎನ್ನುತ್ತಲೇ ಮಹಡಿಯ ಹುಡುಗಿಯನ್ನು ನೋಡುತ್ತ ನಿಂತು ಲಾರಿಯನ್ನು ಕಂಬಕ್ಕೆ ಮುತ್ತು ಕೊಡಿಸಿದ. ಅವತ್ತಿನಿಂದ ಅಪ್ಪ ಯಾವ ಕ್ಲೀನರನ್ನೂ ಹಿಂದೆ ನಿಲ್ಲಿಸಲಿಲ್ಲ. ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು, ಅಷ್ಟೇ. "ಬಾಯಿಗೆ ಕಣ್ಣಿಲ್ಲ ಕಣೋ, ಕನ್ನಡಿಗಿದೆ." ನಾನು ಒಂದು ಸಲ ಅಂಗಳದಲ್ಲಿ ಹಿಂದೆ ನಿಂತು "ಬರ್ಲಿ" ಎಂದಿದ್ದಕ್ಕೆ ಲಾರಿ ನಿಲ್ಲಿಸಿ, ಇಳಿದು ಬಂದು, ನನ್ನ ಕಿವಿ ಹಿಡಿದು ಮೆಟ್ಟಿಲ ಮೇಲೆ ಕೂರಿಸಿ ಹೋಗಿದ್ದರು.

ಅಂಥವರನ್ನು ಹಿಂದೆ ಜಿಪ್ ಇರುವ ಉಡುಪಿನಲ್ಲಿ ಹೇಗೆ ನೋಡಲಿ? ಆದರೆ ನಿನ್ನನ್ನೂ ಹೀಗೆ ನೋಡಲಾರೆ. ಕಮೋಡಿನ ಎರಡು ಪಕ್ಕಕ್ಕೆ ಹಿಡಿಕೆ ಬೆಸೆದು ಕಳಿಸುತ್ತಿದ್ದೇನೆ. ಕೂರದಿದ್ದರೂ ಹಿಡಿದುಕೊಳ್ಳಲಿ.

ತಮ್ಮ


ಫೆಬ್ರವರಿ ೩

ತಮ್ಮಾ,

ಆಶ್ರಯಮನೆಯ ಮಾತಿಗೆ ಉತ್ತರ: ಇಲ್ಲ. ಮತ್ತೊಮ್ಮೆ ಕೇಳಿದರೆ ಮುಂದಿನ ಸಲ ನೀನು ಬಂದಾಗ ನಿನ್ನ ಕ್ರಾಪು ನಾನು ಹೇಗೆ ಬೇಕೋ ಹಾಗೆ ತೆಗೆಯುತ್ತೇನೆ.

ಹಿಡಿಕೆ ಬಂತು. ಕೊಳಾಯಿ ರಿಪೇರಿಯವರು ಬಂದು ಕೂರಿಸಿ ಹೋದರು. ಅಪ್ಪ ಅದರ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿ, "ಯಾರು ಮಾಡಿದ್ದು ಇದನ್ನ? ಕೆಲಸ ಬಲ್ಲವನು" ಎಂದರು. "ನಿಮ್ಮ ಮಗ" ಎಂದೆ. "ನಂಗೆ ಮಗ ಇದಾನಾ?" ಎಂದು ಕೇಳಿ, ಮತ್ತೊಮ್ಮೆ ಬೆಸುಗೆ ಸವರಿ, "ಇದ್ರೆ ಇಂಥ ಕೆಲಸ ಮಾಡೋನೇ ಇರ್ಬೇಕು" ಎಂದರು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ತಡೆದೆ. ಮೊದಲರ್ಧಕ್ಕೆ ಅಳು, ಎರಡನೆಯದಕ್ಕೆ ಎದೆಯುಬ್ಬಿಸಿಕೋ.

ಆದರೆ ಕೂರಲಿಲ್ಲ. ಹಿಡಿಕೆ ಹಿಡಿದು ನಿಂತೇ ಇದ್ದರು, ಬೆವರು ಇಳಿಯಿತು. ಡಾಕ್ಟರಮ್ಮ ಕೊಟ್ಟ ಪುಡಿಯಿಂದ ಹೇಗೋ ದಿನ ದೂಡುತ್ತಿದ್ದೇನೆ. ಬಟ್ಟೆಯಲ್ಲೇ ಆಗಿಹೋದ ದಿನ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಅನ್ನ ಮುಟ್ಟುವುದಿಲ್ಲ. ಆಗಿದ್ದೇನು ಎನ್ನುವುದು ಮರೆತುಹೋಗುತ್ತದೆ, ನಾಚಿಕೆ ಮಾತ್ರ ಮರೆಯುವುದಿಲ್ಲ. ಮುಂದಿನ ತಿಂಗಳ ಕೊನೆಗೆ ಮತ್ತೆ ಆಸ್ಪತ್ರೆಗೆ ತೋರಿಸಬೇಕು. ಅಂದು ಏನು ಹೇಳುತ್ತಾರೋ ಎಂದು ಈಗಿನಿಂದಲೇ ನನ್ನ ಹೊಟ್ಟೆ ಕಲ್ಲಾಗುತ್ತಿದೆ.

ಅಕ್ಕ


ಫೆಬ್ರವರಿ ೧೨

ತಮ್ಮಾ, ತಮ್ಮಾ,

ಕೂತರು. ಮೊದಲು ಅದನ್ನು ಬರೆದುಬಿಡುತ್ತೇನೆ. ಕೂತರು, ತಾವಾಗಿಯೇ ಕೂತರು, ಕೆಲಸ ಮುಗಿಸಿ ಎದ್ದು ಬಂದರು. ಊರಿಗೆಲ್ಲ ಡಂಗುರ ಸಾರುವ ವಿಷಯವಲ್ಲ, ಸಾರದೆ ಇರಲೂ ಆಗುತ್ತಿಲ್ಲ, ಆದ್ದರಿಂದ ನೀನೇ ಗತಿ.

ನಡೆದದ್ದು ಹೀಗೆ. ನಿನ್ನೆ ಕಟಿಂಗ್ ಅಂಗಡಿಗೆ ರಜೆ. ಗಿರಾಕಿಗಳಿಲ್ಲ, ಅಪ್ಪನ ಕೂದಲು ಕತ್ತರಿಸೋಣವೆಂದು ಮುಂದಿನ ಕೋಣೆಗೆ ಕರೆದುಕೊಂಡು ಹೋದೆ. ಕುರ್ಚಿಯ ಮುಂದೆ ಬಂದು, ಕುರ್ಚಿಗೆ ಬೆನ್ನು ಮಾಡಿ, ಗೋಡೆಯ ದೊಡ್ಡ ಕನ್ನಡಿಯ ಕಡೆ ನಿಂತರು. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರು, ಸ್ವಲ್ಪ ಬಲಕ್ಕೆ. ಆಮೇಲೆ ಹಗೂರಕ್ಕೆ ಹಿಂದಕ್ಕೆ ಬಂದು ಕೂತರು. ನಡುಕವಿಲ್ಲ, ಕೂಗಾಟವಿಲ್ಲ. ಪ್ರತಿ ತಿಂಗಳೂ ಹೀಗೇ ಕೂರುತ್ತಾರೆ. ನಾನು ಪ್ರತಿ ತಿಂಗಳೂ ನೋಡುತ್ತೇನೆ, ಆದರೆ ಅವರ ಕೂದಲನ್ನಷ್ಟೇ ನೋಡುತ್ತೇನೆ.

ಕತ್ತರಿಸಿ ಮುಗಿದ ಮೇಲೆ ಎಲ್ಲರಿಗೂ ತೋರಿಸುವ ಹಾಗೆ ಕೈಗನ್ನಡಿಯನ್ನು ಕತ್ತಿನ ಹಿಂದೆ ಹಿಡಿದೆ. ಸಾಮಾನ್ಯವಾಗಿ ಗಿರಾಕಿಗಳು "ಪರವಾಗಿಲ್ಲ" ಅನ್ನುತ್ತಾರೆ, ಇಲ್ಲವೆ ಬೋಳು ಜಾಗ ನೋಡಿ ನಿಟ್ಟುಸಿರು ಬಿಡುತ್ತಾರೆ. ಅಪ್ಪ ಕೂದಲು ನೋಡಲೇ ಇಲ್ಲ. ಕೈಗನ್ನಡಿಯಲ್ಲಿ ಹಿಂದಿನ ಗೋಡೆ, ಬಾಗಿಲು, ಬಕೆಟ್ಟು ಎಲ್ಲವನ್ನೂ ಅಳೆದು, "ಹಿಂದೆ ಜಾಗ ಇದೆ. ಬಲಕ್ಕೆ ಬಕೆಟ್ ಒಂದು ತೆಗೆಸು, ಆರಾಮಾಗಿ ಹೋಗುತ್ತೆ" ಎಂದರು.

ಕತ್ತರಿ ನನ್ನ ಕೈಯಲ್ಲೇ ಉಳಿಯಿತು. ನಿನ್ನ ಪತ್ರದ ಆ ಮಾತು ನೆನಪಾಯಿತು: ಬಾಯಿಗೆ ಕಣ್ಣಿಲ್ಲ, ಕನ್ನಡಿಗಿದೆ. ತಮ್ಮಾ, ಇಡೀ ಬದುಕು ಕನ್ನಡಿ ನೋಡದೆ ಒಂದು ಗೇಣೂ ಹಿಂದಕ್ಕೆ ಸರಿಯದವರ ಕನ್ನಡಿಗೆ ನಾವು ಬೆಡ್‌ಶೀಟು ಹೊದಿಸಿದ್ದೆವು. ಆಮೇಲೆ ಎದುರಿಗೆ ನಿಂತು ಕೂರಿ, ಕೂರಿ ಎಂದು ಕೂಗಿದೆವು. ಕಮೋಡಿನ ಭಯವಲ್ಲ ಅದು. ಕಾಣದ ಕಡೆಗೆ ಗಾಡಿ ಬಿಡಲಾರೆ ಎನ್ನುತ್ತಿದ್ದರು, ನಮಗೆ ಕೇಳಿಸಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ನನ್ನ ಅಂಗಡಿಯಲ್ಲಿ ಮೂರು ಗೋಡೆಗೆ ಕನ್ನಡಿ.

ಮೈಮೇಲಿನ ಕೂದಲೂ ಕೊಡವದೆ ಓಡಿದೆ, ಬೆಡ್‌ಶೀಟು ಕಿತ್ತೆ. ಅಪ್ಪನನ್ನು ಕರೆದುಕೊಂಡು ಹೋದೆ. ಅವರು ತಿರುಗಿ ನಿಂತರು. ಎದುರಿನ ಕನ್ನಡಿಯಲ್ಲಿ ಬೆನ್ನ ಹಿಂದಿನ ಬಿಳಿ ಸೀಟು, ನಿನ್ನ ಹಿಡಿಕೆಗಳು. ಎಡಕ್ಕೊಮ್ಮೆ ವಾಲಿದರು, ಬಲಕ್ಕೊಮ್ಮೆ. ಬಾಯಲ್ಲಿ ಸಣ್ಣಗೆ ಇಂಜಿನ್ನಿನ ಸದ್ದು ಬಂತೋ ಏನೋ, ನನಗೆ ಹಾಗನ್ನಿಸಿತು. ಕೂತರು. ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತು ಬಾಯಿಗೆ ಸೆರಗು ಅದುಮಿಕೊಂಡೆ.

ಹೊರಗೆ ಬಂದವರು ಕೈ ತೊಳೆದು, ನನ್ನ ಮುಖ ನೋಡಿ, "ಅಳ್ತಿದೀಯಾ? ಯಾರೇನಂದ್ರು?" ಎಂದು ಕೇಳಿದರು. ಇವತ್ತು ನನ್ನಷ್ಟು ಹೆಮ್ಮೆಯ ಹೆಂಗಸು ಈ ಬೀದಿಯಲ್ಲಿಲ್ಲ.

ಕತ್ತರಿ


ಫೆಬ್ರವರಿ ೨೬

ಅಕ್ಕಾ,

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನಮಗೆ ಬೇಕಾಯಿತು ನೋಡು.

ಬೆಡ್‌ಶೀಟಿನ ಸಲಹೆ ನನ್ನದೇ ಎಂದು ನೀನು ಒಂದು ಸಲವೂ ಚುಚ್ಚಲಿಲ್ಲ. ಚುಚ್ಚಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಓದಿದ್ದು ಸುಳ್ಳಲ್ಲ, ಎಷ್ಟೋ ಜನರಿಗೆ ಅದೇ ಸರಿ. ನಮ್ಮ ಅಪ್ಪ ಎಷ್ಟೋ ಜನರಲ್ಲ, ಅಷ್ಟೇ.

ಬೇಸಿನ್ನಿನ ಕನ್ನಡಿ ಎತ್ತರದಲ್ಲಿದೆ. ಅವರು ಬಗ್ಗುತ್ತಿದ್ದ ಹಾಗೆ ಸೀಟು ಮರೆಯಾಗುತ್ತದೆ, ಅಲ್ಲವಾ? ಹಳೆ ಸಾಮಾನಿನ ಅಂಗಡಿಯಲ್ಲಿ ಲಾರಿಯ ಎರಡು ಉದ್ದ ಕನ್ನಡಿ ಸಿಕ್ಕವು. ತೋಳು ಬೆಸೆದಿದ್ದೇನೆ, ಮೇಲೆ ಕೆಳಗೆ ತಿರುಗುತ್ತವೆ. ಬಾಗಿಲ ಎರಡೂ ಪಕ್ಕ, ಸೊಂಟದ ಎತ್ತರಕ್ಕೆ ಕೂರಿಸು. ಅವರೇ ಹೊಂದಿಸಿಕೊಳ್ಳಲಿ, ನೀನು ಕೈ ಹಾಕಬೇಡ. ತಮ್ಮ ಕನ್ನಡಿಯನ್ನು ಬೇರೆಯವರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ.

ನನ್ನ ಮೇಸ್ತ್ರಿ "ಯಾವ ಲಾರಿಗೆ ಇದು?" ಎಂದು ಕೇಳಿದ. "ನಮ್ಮಪ್ಪಂಗೆ" ಎಂದೆ. ಪೂರ್ತಿ ಹೇಳಿದೆ ಕೂಡ. ನಗುತ್ತಾನೆ ಅಂದುಕೊಂಡಿದ್ದೆ. ಅವನು ತನ್ನ ಮುಖವಾಡ ತೆಗೆದಿಟ್ಟು, "ನಿಮ್ಮಕ್ಕ ದೊಡ್ಡೋಳು ಕಣಯ್ಯಾ" ಎಂದ. ಅದು ನನಗೂ ಗೊತ್ತಿತ್ತು, ಬೇರೆಯವರ ಬಾಯಲ್ಲಿ ಕೇಳಿ ಇನ್ನೂ ಚೆನ್ನಾಗಿತ್ತು.

ಬೆಸುಗೆ ಮಾಸ್ತರ


ಏಪ್ರಿಲ್ ೧೭

ತಮ್ಮಾ,

ಬರೆಯದೆ ಇಷ್ಟು ದಿನವಾಗಿದ್ದಕ್ಕೆ ಕಾರಣ ಎಲ್ಲ ಸರಿಯಾಗಿರುವುದು. ಕನ್ನಡಿ ಕೂರಿಸಿದ ದಿನ ಅಪ್ಪ ಅರ್ಧ ಗಂಟೆ ಅವನ್ನು ತಿರುಗಿಸಿ ತಿರುಗಿಸಿ ಹೊಂದಿಸಿದರು. ತಮ್ಮ ಕರವಸ್ತ್ರದಿಂದ ಒರೆಸಿದರು. ಈಗ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಡ್ಯೂಟಿಗೆ ಹೊರಟವರ ಹಾಗೆ ಅಂಗಿಯ ಗುಂಡಿ ಹಾಕಿಕೊಂಡು ಟಾಯ್ಲೆಟ್ಟಿಗೆ ಹೋಗುತ್ತಾರೆ.

ಹೋದ ತಿಂಗಳು ತೋರಿಸಲು ಹೋದಾಗ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಏನು ಔಷಧಿ ಕೊಟ್ರಿ?" ಎಂದರು. "ಲಾರಿ ಕನ್ನಡಿ" ಎಂದೆ. ಆಗ ಅಪ್ಪ ನನ್ನ ಪರವಾಗಿ ವಾದಿಸುವವರ ಹಾಗೆ, "ಕನ್ನಡಿ ಇಲ್ದೆ ರಿವರ್ಸ್ ತಗೋಬಾರ್ದು ತಾಯಿ, ನೀವೂ ತಗೋಬೇಡಿ" ಎಂದು ಬುದ್ಧಿ ಹೇಳಿದರು. ಡಾಕ್ಟರಮ್ಮ "ಆಗ್ಲಿ" ಎಂದು ತಲೆಯಾಡಿಸಿದರು. ದಾಖಲು ಮಾಡುವ ಮಾತು ಈ ಸಲ ಬರಲಿಲ್ಲ.

ನನ್ನ ಹೆಸರು ಅಪ್ಪನ ಬಾಯಿಂದ ಹೋಗಿ ಕೆಲವು ವಾರವಾಯಿತು. "ಏ ಹುಡುಗಿ" ಎನ್ನುತ್ತಾರೆ. ಈ ವಯಸ್ಸಿನಲ್ಲಿ ಹುಡುಗಿ ಅನ್ನಿಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ ಹೇಳು.

ಅಕ್ಕ


ಆಗಸ್ಟ್ ೫

ತಮ್ಮಾ,

ನೀನು ಮೊದಲೇ ಓದಿ ಹೇಳಿದ್ದು ಈಗ ಬಂದಿದೆ. ನಿನ್ನೆ ಬೆಳಿಗ್ಗೆ ಅಪ್ಪ ಎಡಗನ್ನಡಿ ನೋಡಿ ನಿಂತುಬಿಟ್ಟರು. "ಯಾರೋ ಮುದುಕ ಅಡ್ಡ ನಿಂತಿದಾನೆ." ಬಲಗನ್ನಡಿಯಲ್ಲೂ ಅವನೇ ಇದ್ದ. "ಏನಯ್ಯಾ, ಸರಿ ಆಕಡೆ" ಎಂದು ಗದರಿದರು. ಅವನೂ ಇವರನ್ನು ಗದರಿದ. ಯಾರು ಯಾರಿಗೆ ದಾರಿ ಬಿಡಬೇಕು? ಇವತ್ತೂ ಅದೇ ಕತೆ. ಆ ಮುದುಕನಿಗೆ ಪೆಟ್ಟಾದೀತೆಂದು ಹಿಂದಕ್ಕೆ ಸರಿಯಲೇ ಇಲ್ಲ.

ನನಗೇನು ಮಾಡಲೂ ತೋಚುತ್ತಿಲ್ಲ. ಅವರಿಗೆ ಉಳಿದಿದ್ದ ಎರಡು ಕಣ್ಣು ಅವು. ಮತ್ತೆ ಆಸ್ಪತ್ರೆಯ ಆ ಮಂಚ ಕಣ್ಣ ಮುಂದೆ ಬರುತ್ತಿದೆ.

ಅಕ್ಕ


ಆಗಸ್ಟ್ ೯

ತಮ್ಮಾ,

ರಜೆ ಹಾಕಿ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೀಯೆ, ಬಾ. ಆದರೆ ಗಾಬರಿಯಿಂದ ಬರಬೇಡ.

ನಾಲ್ಕನೆಯ ದಿನಕ್ಕೆ ಹೊಟ್ಟೆ ಬಿಗಿಯಾಗಿತ್ತು. ಬೇರೆ ದಾರಿಯಿಲ್ಲದೆ ಆ ಮುದುಕನನ್ನು ಓಡಿಸಲೆಂದು ಬೇಸಿನ್ನಿನ ಕನ್ನಡಿಗೆ ಬೆಡ್‌ಶೀಟು, ಎರಡೂ ಲಾರಿ ಕನ್ನಡಿಗೆ ಟವೆಲ್ ಹೊದಿಸಿದೆ. ಅಪ್ಪ ಬಂದು ನೋಡಿ, "ಕನ್ನಡಿಗೇನಾಯ್ತು?" ಎಂದರು. ಬಾಯಿಗೆ ಬಂದದ್ದು ಹೇಳಿದೆ, "ಒಡೆದಿದೆ ಅಪ್ಪಾ." ಟವೆಲ್ಲಿನ ಅಂಚನ್ನು ನೇರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನೀನು ಇಳಿದು ನೋಡು" ಎಂದರು.

ನಾನು ಅವರ ಹಿಂದೆ ಹೋಗಿ, ಕಮೋಡಿನ ಪಕ್ಕದಲ್ಲಿ ಗೋಡೆಗೆ ಅಂಟಿ ನಿಂತೆ. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಇಸ್ತ್ರಿ ಅಂಗಿ. ನಿನ್ನ ಕಿವಿ ಹಿಂಡಿಸಿದ ಮಾತನ್ನು ಹೇಳಲು ಧೈರ್ಯ ಬೇಕಾಯಿತು. "ಹಿಂದೆ ಜಾಗ ಇದೆ. ಬರ್ಲಿ" ಎಂದೆ. ಅವರ ಕಾಲು ಸರಿಯಿತು. ನಿನ್ನ ಹಿಡಿಕೆಯ ಮೇಲೆ ಬೆರಳಿನಿಂದ ತಟ್ಟುತ್ತ ಹೋದೆ. "ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಸಾಕು. ಇಳಿಸಿ." ಕೂತರು.

ಉಳಿದದ್ದು ನೀನು ಬಂದಾಗ ನೋಡು. ದಿಂಬಿನ ಕವರು ಒಗೆದಿಟ್ಟಿದ್ದೇನೆ.

ಅಕ್ಕ


ಆಗಸ್ಟ್ ೩೦

ಅಕ್ಕಾ,

ವಾಪಸು ಬಂದು ಸೇರಿದೆ. ಬಸ್ಸಿನಲ್ಲಿ ಪಕ್ಕದವರು ನನ್ನ ಕ್ರಾಪು ನೋಡಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಒಟ್ಟಿನಲ್ಲಿ ಬೆದರಿಕೆ ಹಾಕಿದ ಹಾಗೆ ಮಾಡಲಿಲ್ಲ ನೀನು.

ಅಲ್ಲಿದ್ದ ದಿನಗಳಲ್ಲಿ ಅಪ್ಪ ನನ್ನನ್ನು ಒಂದು ಸಲವೂ ಮಗ ಎನ್ನಲಿಲ್ಲ. ಎರಡನೆಯ ದಿನ "ಹೊಸ ಕ್ಲೀನರ್ರಾ?" ಎಂದು ಕೇಳಿದರು. ಹೌದು ಎಂದೆ. "ಈ ಹುಡುಗಿ ಹತ್ರ ಕಲಿ" ಎಂದು ನಿನ್ನ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಗಿರಾಕಿ ಕರೆದರೆಂದು ನೀನು ಅಂಗಡಿಗೆ ಹೋದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ಅವರು ದನಿ ತಗ್ಗಿಸಿ, "ಉದ್ದಮೂಗನ ಥರ ಅಲ್ಲ ಇವಳು, ಬೇರೆಲ್ಲೂ ನೋಡಲ್ಲ, ಹಿಂದೇನೇ ನೋಡ್ತಾಳೆ" ಎಂದರು. ನೋಡು, ಉದ್ದಮೂಗ ಇನ್ನೂ ನೆನಪಿದ್ದಾನೆ. ಅವನ ಅದೃಷ್ಟ.

ಇನ್ನೊಂದು ಮಾತಿದೆ. ಅದನ್ನು ಅಲ್ಲಿ ಹೇಳದೆ ಬಸ್ಸು ಹತ್ತಿದೆ.

ಹೊರಡುವ ದಿನ ಬೆಳಿಗ್ಗೆ ನೀನು ಅಪ್ಪನನ್ನು ಒಳಗೆ ಕರೆದುಕೊಂಡು ಹೋದೆಯಲ್ಲ, ನಾನು ಟವೆಲ್ ಹಿಡಿದು ಬಾಗಿಲ ಹೊರಗೆ ಎದುರಿಗೆ ನಿಂತಿದ್ದೆ. ನೀನು ದಿನಾ ಅವರ ಬೆನ್ನ ಹಿಂದೆ ನಿಲ್ಲುತ್ತೀಯೆ, ಆದ್ದರಿಂದ ಅವರ ಮುಖ ನಿನಗೆ ಕಾಣುವುದಿಲ್ಲ. ನನಗೆ ಕಂಡಿತು. ನೀನು "ಹಿಂದೆ ಜಾಗ ಇದೆ" ಎಂದೆ. ಅಪ್ಪ ಎಡಕ್ಕೆ ವಾಲಲಿಲ್ಲ, ಬಲಕ್ಕೆ ವಾಲಲಿಲ್ಲ. ಕಣ್ಣು ಮುಚ್ಚಿಕೊಂಡರು, ಅಕ್ಕಾ. ಎರಡೂ ಕಣ್ಣು ಮುಚ್ಚಿಕೊಂಡು, ನೀನು ತಟ್ಟಿದ ಹಾಗೆ ಹಿಂದಕ್ಕೆ ಬಂದು ಕೂತರು.

ನಿನ್ನ ತಮ್ಮ,
ಹೊಸ ಕ್ಲೀನರ್